ಎಲುಬಿನ ಕೋಶದ ಹಿಂದೆ ಬಿದ್ದರೆ ಹೊಟ್ಟೆ ತುಂಬುತ್ತದಾ?

ಪ್ರಶ್ನೆ: ನಾನು ಕುಷ್ಟಗಿ ತಾಲ್ಲೂಕಿನವಳು. ಬಳ್ಳಾರಿಯಲ್ಲಿ ಎಂ.ಎಸ್ಸಿ. ಪ್ರಾಣಿಶಾಸ್ತ್ರ ಓದುತ್ತಿದ್ದೇನೆ, ಕೊನೆಯ ವರ್ಷ. ನಮ್ಮ ಅಜ್ಜಿಗೆ ಬೆನ್ನು ಬಗ್ಗುವುದಿಲ್ಲ, ಕುತ್ತಿಗೆ ತಿರುಗುವುದಿಲ್ಲ. ಬೋರ್ ನೀರಿನ ಫ್ಲೋರೈಡ್‌ನಿಂದ ಹೀಗಾಗಿದೆ ಅಂತ ಡಾಕ್ಟರು ಹೇಳಿದ್ದಾರೆ. ಅದನ್ನು ನೋಡಿಯೇ ನನಗೆ ಎಲುಬಿನ ಜೀವಕೋಶಗಳ ಮೇಲೆ ಪಿಎಚ್.ಡಿ. ಮಾಡುವ ಆಸೆ ಹುಟ್ಟಿದ್ದು. "ಎಲುಬಿನಲ್ಲಿ ಇನ್ನೇನು ಉಳಿದಿದೆ, ಕ್ಯಾನ್ಸರ್ ತಗೋ" ಅಂತ ಗೆಳತಿಯರು. "ಬಿ.ಎಡ್. ಮಾಡು" ಅಂತ ಅಪ್ಪ. ಈ ಕೆಲಸದಲ್ಲಿ ದಿನವೂ ಏನು ಮಾಡುತ್ತಾರೆ? ಡಾಕ್ಟರ್ ಓದಿರಬೇಕಾ? ಹೊಟ್ಟೆಪಾಡಿಗೆ ಆಗುತ್ತದಾ?

ಉತ್ತರ:

ನೋಡು ತಂಗಿ, ನೀನು ಅಂತಲೇ ಬರೆಯುತ್ತೇನೆ, ನನ್ನ ಮಗಳಿಗಿಂತ ಚಿಕ್ಕವಳು ನೀನು. ನಾನೂ ನಿಮ್ಮ ಪಕ್ಕದ ಯಲಬುರ್ಗಾ ತಾಲ್ಲೂಕಿನವನೇ. ಮೊದಲು ನಿಮ್ಮಪ್ಪನ ಪರವಾಗಿ ಒಂದು ಮಾತು ಹೇಳಿಬಿಡುತ್ತೇನೆ. ಅವರು ಹೇಳುವುದು ತಪ್ಪಲ್ಲ. ಬಿ.ಎಡ್. ಮುಗಿಸಿದರೆ ಎರಡು ವರ್ಷಕ್ಕೆ ಕಣ್ಣಿಗೆ ಒಂದು ದಾರಿ ಕಾಣುತ್ತದೆ. ನೀನು ಕೇಳುತ್ತಿರುವ ದಾರಿಯಲ್ಲಿ ಎರಡು ವರ್ಷಕ್ಕೆ ಕಲಿತಿರುವುದು ಇಷ್ಟೇ: ಕೋಶಗಳು ಸಾಯದ ಹಾಗೆ ನೋಡಿಕೊಳ್ಳುವುದು. ಇದನ್ನು ತಿಳಿದುಕೊಂಡೇ ಮುಂದೆ ಓದು.

ಎಲುಬಿನಲ್ಲಿ ಇನ್ನೇನು ಉಳಿದಿದೆ ಎಂದವರು ಕಾಲೇಜಿನ ಗಾಜಿನ ಬೀರುವಿನಲ್ಲಿ ನೇತುಹಾಕಿದ ಅಸ್ಥಿಪಂಜರವನ್ನು ಮಾತ್ರ ನೋಡಿರಬೇಕು. ಅದು ಸತ್ತ ಎಲುಬು. ಮೈಯೊಳಗಿನದು ಹಾಗಲ್ಲ. ನಮ್ಮ ಕಡೆ ಮಣ್ಣಿನ ಮಾಳಿಗೆ ಇರುವವರು ಮಳೆ ಬರುವ ಮುಂಚೆ ಏನು ಮಾಡುತ್ತಾರೆ? ಬಿರುಕು ಬಿಟ್ಟ ಹಳೆ ಮಣ್ಣು ಕೆರೆದು ತೆಗೆದು ಹೊಸ ಸವಳು ಮಣ್ಣು ಹಾಕುತ್ತಾರೆ, ಅಲ್ವಾ? ಎಲುಬೂ ಅದನ್ನೇ ಮಾಡುತ್ತದೆ, ಮಳೆಗಾಲಕ್ಕೆ ಕಾಯದೆ, ದಿನವೂ, ಮೈಯ ಎಷ್ಟೋ ಕಡೆ ಒಟ್ಟಿಗೇ. ದೊಡ್ಡವರ ಮೈಯಲ್ಲಿ ವರ್ಷಕ್ಕೆ ಸುಮಾರು ಶೇ. 10ರಷ್ಟು ಎಲುಬು ಹೀಗೆ ಹೊಸದಾಗುತ್ತದೆ.

ಕೆರೆಯುವ ಆಳು ಆಸ್ಟಿಯೋಕ್ಲಾಸ್ಟ್. ಅದು ರಕ್ತದ ಕೋಶಗಳ ವಂಶದ್ದು. ಹಲವು ಕೋಶಗಳು ಕೂಡಿ ಆಗುವ ದೊಡ್ಡ ಕೋಶ, ಒಂದರೊಳಗೇ ಐದು, ಹತ್ತು, ಕೆಲವೊಮ್ಮೆ ಇನ್ನೂ ಜಾಸ್ತಿ ನ್ಯೂಕ್ಲಿಯಸ್ ಇರುತ್ತವೆ. ಅದು ಎಲುಬಿನ ಮೇಲೆ ಬೋರಲಾಗಿ ಕೂತು, ಸುತ್ತ ಅಂಚನ್ನು ಬಿಗಿಯಾಗಿ ಮುಚ್ಚಿಕೊಂಡು, ಆ ಸಂದಿಗೆ ಆಸಿಡ್ ಬಿಡುತ್ತದೆ. ಆಸಿಡ್ ಖನಿಜವನ್ನು ಕರಗಿಸಿದ ಮೇಲೆ ಉಳಿದ ಕೊಲಾಜೆನ್ ನಾರನ್ನು ಕ್ಯಾಥೆಪ್ಸಿನ್-ಕೆ ಎಂಬ ಕಿಣ್ವ ಕಡಿದುಹಾಕುತ್ತದೆ. ಎರಡು ಮೂರು ವಾರದಲ್ಲಿ ಕುಳಿ ತಯಾರು. ಹಿಂದೆಯೇ ಬರುವ ಗಾರೆಯವರು ಆಸ್ಟಿಯೋಬ್ಲಾಸ್ಟ್‌ಗಳು. ಅದೇ ಕುಳಿ ತುಂಬಲು ಅವರಿಗೆ ಮೂರು ನಾಲ್ಕು ತಿಂಗಳು ಬೇಕು. ವಯಸ್ಸಾದವರ ಎಲುಬು ಯಾಕೆ ಸವೆಯುತ್ತದೆ ಎನ್ನುವುದರ ಅರ್ಧ ಕಥೆ ಈ ಲೆಕ್ಕದಲ್ಲೇ ಇದೆ.

ಕಟ್ಟುತ್ತಾ ಕಟ್ಟುತ್ತಾ ತಾವೇ ಗೋಡೆಯೊಳಗೆ ಸಿಕ್ಕಿಕೊಂಡವು ಆಸ್ಟಿಯೋಸೈಟ್‌ಗಳು. ಎಲುಬಿನ ಕೋಶಗಳಲ್ಲಿ ಶೇ. 90ಕ್ಕೂ ಜಾಸ್ತಿ ಇವೇ. ನಾನು ಓದುವಾಗ ಇವನ್ನು ನಿವೃತ್ತ ನೌಕರರ ಹಾಗೆ ನೋಡುತ್ತಿದ್ದರು, ಪುಸ್ತಕದಲ್ಲಿ ಒಂದು ಪ್ಯಾರಾ, ಮುಗೀತು. ಆಮೇಲೆ ಗೊತ್ತಾಯಿತು, ಭಾರ ಎಲ್ಲಿ ಬೀಳುತ್ತಿದೆ ಅಂತ ಗುರುತಿಸಿ ಅಗೆಯುವವರಿಗೂ ಕಟ್ಟುವವರಿಗೂ ಹೇಳಿ ಕಳಿಸುವವು ಇವೇ ಅಂತ. ದಕ್ಷಿಣ ಆಫ್ರಿಕಾದ ಆಫ್ರಿಕಾನರ್ ಕುಟುಂಬಗಳಲ್ಲಿ ಒಂದು ಅಪರೂಪದ ಕಾಯಿಲೆ ಇದೆ, ಎಲುಬು ದಪ್ಪವಾಗುವುದು ನಿಲ್ಲುವುದೇ ಇಲ್ಲ. 2001ರಲ್ಲಿ ಅದರ ಜೀನ್ ಸಿಕ್ಕಿತು. ಆ ಜೀನ್ ಮಾಡಬೇಕಿದ್ದ ಸ್ಕ್ಲೆರೋಸ್ಟಿನ್ ಎಂಬ ಪ್ರೋಟೀನ್, "ಸಾಕು, ಕಟ್ಟುವುದು ನಿಲ್ಲಿಸಿ" ಅಂತ ಆಸ್ಟಿಯೋಸೈಟ್ ಕಳಿಸುವ ಸೂಚನೆ. ಈ ಕುಟುಂಬಗಳಲ್ಲಿ ಆ ಸೂಚನೆ ಹೋಗುತ್ತಲೇ ಇರಲಿಲ್ಲ. ಹಾಗಾದರೆ ಎಲುಬು ಸವೆದವರಲ್ಲಿ ಅದನ್ನೇ ಬೇಕೆಂತಲೇ ತಡೆದರೆ? ಆ ಆಲೋಚನೆಯಿಂದ ಬಂದ ರೊಮೊಸೊಜುಮಾಬ್ ಔಷಧಕ್ಕೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2019ರಲ್ಲಿ. ಜೀನ್ ಸಿಕ್ಕಿದ ಮೇಲೂ 18 ವರ್ಷ.

ಈ ಕ್ಷೇತ್ರದ ವೇಗವೇ ಅಷ್ಟು. 1981ರಲ್ಲಿ ಗಿಡಿಯನ್ ರೋಡಾನ್ ಮತ್ತು ಜಾನ್ ಮಾರ್ಟಿನ್ ಅನ್ನುವವರು, ಅಗೆಯುವವರಿಗೆ ಅಪ್ಪಣೆ ಕೊಡುವುದು ಕಟ್ಟುವವರೇ ಇರಬೇಕು ಅಂತ ಊಹೆ ಮುಂದಿಟ್ಟರು. ಎಲುಬು ಕರಗಿಸುವ ಹಾರ್ಮೋನನ್ನು ಹಿಡಿಯುವ ಕೊಂಡಿ ಆಸ್ಟಿಯೋಬ್ಲಾಸ್ಟ್ ಮೇಲೆ ಕಾಣುತ್ತಿತ್ತು, ಕರಗಿಸುವ ಕೋಶದ ಮೇಲೆ ಕಾಣುತ್ತಿರಲಿಲ್ಲ. ಅವರಿಗಿದ್ದ ಸುಳಿವು ಅದು. ಆದರೆ ಆ ಅಪ್ಪಣೆ ಚೀಟಿ ಯಾವುದು? ಎಷ್ಟು ಜನ ಎಷ್ಟು ವರ್ಷ ಹುಡುಕಿದರೂ ಸಿಗಲಿಲ್ಲ. 1997ರಲ್ಲಿ ಮೊದಲು ಸಿಕ್ಕಿದ್ದು ಚೀಟಿಯಲ್ಲ, ಚೀಟಿಯನ್ನು ದಾರಿಯಲ್ಲೇ ಕಸಿದುಕೊಳ್ಳುವ ಆಸ್ಟಿಯೋಪ್ರೊಟೆಜೆರಿನ್. ಅದರ ಜಾಡು ಹಿಡಿದು 1998ರಲ್ಲಿ ಚೀಟಿಯೂ ಸಿಕ್ಕಿತು, ರ‍್ಯಾಂಕ್-ಎಲ್ ಅಂತ ಅದರ ಹೆಸರು. ಅಮೆರಿಕದ ಒಂದು ತಂಡ, ಜಪಾನಿನ ಇನ್ನೊಂದು ತಂಡ, ಇಬ್ಬರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಮುಟ್ಟಿದರು. ಅದನ್ನು ತಡೆಯುವ ಡೆನೋಸುಮಾಬ್ ಇಂಜೆಕ್ಷನ್ 2010ರಲ್ಲಿ ಬಂತು. ಊಹೆಯಿಂದ ಇಂಜೆಕ್ಷನ್ ತನಕ 29 ವರ್ಷ. ನಡುವೆ ಎಷ್ಟು ಜನರ ಪಿಎಚ್.ಡಿ. ತಪ್ಪು ಅಣುವಿನ ಹಿಂದೆ ಹೋಗಿ ಮುಗಿದಿದೆಯೋ, ಅದನ್ನು ಯಾರೂ ಬರೆದಿಡುವುದಿಲ್ಲ.

"ಕ್ಯಾನ್ಸರ್ ತಗೋ" ಎಂದ ಗೆಳತಿಯರಿಗೆ ಇದನ್ನು ಹೇಳು. 1991ರಲ್ಲಿ ಕ್ಯಾನ್ಸರ್ ಸಂಶೋಧನೆಯಲ್ಲಿ ಬಹಳ ಹೆಸರಾಗಿದ್ದ ಸಾರ್ಕ್ ಎಂಬ ಜೀನನ್ನು ತೆಗೆದು ಇಲಿ ಬೆಳೆಸಿದರು. ಮೈಯ ಎಲ್ಲ ಕಡೆ ಕೆಲಸ ಮಾಡುವ ಜೀನ್, ಇಲಿಗೆ ಏನೇನೋ ಆಗುತ್ತದೆ ಅಂದುಕೊಂಡಿದ್ದರು. ಮುಖ್ಯವಾಗಿ ಕೆಟ್ಟಿದ್ದು ಎಲುಬು! ಆಸ್ಟಿಯೋಕ್ಲಾಸ್ಟ್ ಇದ್ದವು, ಆದರೆ ಅಗೆಯುತ್ತಿರಲಿಲ್ಲ, ಎಲುಬು ಕಲ್ಲಿನ ಹಾಗೆ ಗಟ್ಟಿಯಾಗಿ ಹಲ್ಲು ಕೂಡ ಹೊರಗೆ ಬರಲಿಲ್ಲ. ಕ್ಯಾನ್ಸರ್ ಹಿಂದೆ ಹೋದವರೇ ಎಲುಬಿಗೆ ಬಂದು ಬಿದ್ದರು.

ಈಗ ನಿನ್ನ ಅಜ್ಜಿಯ ವಿಷಯ. ನನ್ನನ್ನು ಕೇಳಿದರೆ ನೀನು ಹಿಡಿಯಬೇಕಾದ ಎಳೆ ಇದೇ.

ನಮ್ಮ ನೆಲದ ಅಡಿ ಗ್ರಾನೈಟ್, ನೈಸ್ ಬಂಡೆ. ಅದರ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ಬೋರ್ ಆಳಕ್ಕೆ ಇಳಿದಷ್ಟೂ ನೀರು ಆ ಬಂಡೆಯ ಸಂಗಡ ಜಾಸ್ತಿ ಕಾಲ ಕೂತಿರುತ್ತದೆ, ಫ್ಲೋರೈಡ್ ನೀರಿಗೆ ಇಳಿಯುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಿತಿ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ. ಅದನ್ನು ದಾಟಿದ ಬೋರ್‌ಗಳು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಇವೆ. ಭಾರತದಲ್ಲಿ ಎಲುಬಿನ ಫ್ಲೋರೋಸಿಸ್, ಅಂದರೆ ಫ್ಲೋರೈಡ್‌ನಿಂದ ಬರುವ ಈ ಕಾಯಿಲೆಯ ಬಗ್ಗೆ ಮೊದಲು ವಿವರವಾಗಿ ಬರೆದದ್ದು 1937ರಲ್ಲಿ, ಮದ್ರಾಸ್ ಪ್ರಾಂತ್ಯದ ನೆಲ್ಲೂರಿನ ಕಡೆಯ ಜನರನ್ನು ನೋಡಿ. ಬಳ್ಳಾರಿಯೂ ಆಗ ಅದೇ ಪ್ರಾಂತ್ಯದಲ್ಲಿತ್ತು. 1973ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಕೃಷ್ಣಮಾಚಾರಿ ಮತ್ತು ಕಮಲಾ ಕೃಷ್ಣಸ್ವಾಮಿ, ಫ್ಲೋರೈಡ್ ನೀರಿನ ಊರುಗಳ ಹುಡುಗರಲ್ಲಿ ಮೊಣಕಾಲುಗಳು ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವುದನ್ನು ವರದಿ ಮಾಡಿದರು. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮ ಸಾಲಿನಲ್ಲೇ ಅಂಥ ಇಬ್ಬರಿದ್ದರು. ಹೊಟ್ಟೆಯಲ್ಲಿದ್ದಾಗ ಗ್ರಹಣ ಹಿಡಿದದ್ದು ಅಂತ ಊರಲ್ಲಿ ಮಾತು. ಇರಲಿ.

ಸೋಜಿಗ ಏನೆಂದರೆ, ಫ್ಲೋರೈಡ್ ಎಲುಬನ್ನು ಕರಗಿಸುವುದಿಲ್ಲ, ಬೆಳೆಸುತ್ತದೆ. ಕಟ್ಟುವ ಕೋಶಗಳನ್ನು ಕೆರಳಿಸುತ್ತದೆ. ಖನಿಜದ ಹರಳಿನೊಳಗೆ ಹೈಡ್ರಾಕ್ಸಿಲ್ ಇರಬೇಕಾದ ಜಾಗದಲ್ಲಿ ತಾನೇ ಹೋಗಿ ಕೂರುತ್ತದೆ, ಹಾಗೆ ಆದ ಹರಳು ಸುಲಭವಾಗಿ ಕರಗುವುದಿಲ್ಲ. ಅಜ್ಜಿಯ ಎಕ್ಸ್-ರೇ ಇದ್ದರೆ ತೆಗೆದು ನೋಡು, ಬೆನ್ನೆಲುಬು ಸಾಮಾನ್ಯಕ್ಕಿಂತ ಬೆಳ್ಳಗೆ ಕಾಣಬಹುದು, ಪಕ್ಕದ ಸ್ನಾಯುಬಂಧಗಳೂ ಸುಣ್ಣಗಟ್ಟಿರಬಹುದು. ಕುತ್ತಿಗೆ ತಿರುಗದೆ ಇರುವುದು ಅದಕ್ಕೇ. ಎಲುಬು ಬೆಳೆಸುತ್ತದೆ ಅಂದಮೇಲೆ ಎಲುಬು ಸವೆದವರಿಗೆ ಇದನ್ನೇ ಕೊಡಬಹುದಲ್ಲ ಅಂತ ಡಾಕ್ಟರುಗಳಿಗೂ ಅನಿಸಿತ್ತು! ಕೊಟ್ಟೂ ನೋಡಿದರು. 1990ರಲ್ಲಿ ಅಮೆರಿಕದಿಂದ ಫಲಿತಾಂಶ ಬಂತು. ಮುಟ್ಟು ನಿಂತ 202 ಹೆಂಗಸರು, ನಾಲ್ಕು ವರ್ಷ, ಅರ್ಧ ಜನಕ್ಕೆ ದಿನಕ್ಕೆ 75 ಮಿಲಿಗ್ರಾಂ ಸೋಡಿಯಂ ಫ್ಲೋರೈಡ್. ಸೊಂಟದ ಮೇಲಿನ ಬೆನ್ನೆಲುಬಿನ ಸಾಂದ್ರತೆ ಶೇ. 35ರಷ್ಟು ಏರಿತು. ಬೆನ್ನೆಲುಬು ಮುರಿಯುವುದು ಮಾತ್ರ ಲೆಕ್ಕಕ್ಕೆ ಸಿಗುವಷ್ಟು ಕಡಿಮೆಯಾಗಲಿಲ್ಲ, ಉಳಿದ ಕಡೆಯ ಎಲುಬು ಮುರಿಯುವುದು ಜಾಸ್ತಿಯೇ ಆಯಿತು.

ಈ ಫಲಿತಾಂಶವನ್ನು ನಾನು ಪಿಎಚ್.ಡಿ.ಯ ಮೊದಲ ವರ್ಷ ಓದಿದೆ, ಅವತ್ತು ರಾತ್ರಿ ನಿದ್ದೆ ಬರಲಿಲ್ಲ ಅಂದರೆ ಸುಳ್ಳಾಗುತ್ತದೆ, ಚೆನ್ನಾಗೇ ಮಲಗಿದೆ, ಆದರೆ ಆಮೇಲೆ ಅದು ತಲೆಯಿಂದ ಹೋಗಲೇ ಇಲ್ಲ. ದಪ್ಪ ಇದೆ, ಬಲ ಇಲ್ಲ. ಯಾಕೆ? ಹರಳಿನ ತಪ್ಪಾ, ಅದನ್ನು ಹಿಡಿದಿಡುವ ಕೊಲಾಜೆನ್ ಜೋಡಣೆಯ ತಪ್ಪಾ, ಗೋಡೆಯೊಳಗೆ ಕೂತ ಆಸ್ಟಿಯೋಸೈಟ್‌ಗೆ ಭಾರ ತಿಳಿಯದೆ ಹೋಗುತ್ತಿದೆಯಾ? ಒಂದೇ ಬೋರಿನ ನೀರು ಕುಡಿದ ಅಣ್ಣತಮ್ಮಂದಿರಲ್ಲಿ ಒಬ್ಬನ ಕಾಲು ಮಾತ್ರ ಯಾಕೆ ಬಾಗುತ್ತದೆ? ಕ್ಯಾಲ್ಸಿಯಂ ಕಡಿಮೆ ತಿನ್ನುವವರಲ್ಲಿ ಕಾಟ ಜಾಸ್ತಿ ಅಂತ ಗೊತ್ತಿದೆ. ಒಬ್ಬೊಬ್ಬರ ಕೋಶದೊಳಗೆ ಏನು ಬೇರೆ ಆಗುತ್ತದೆ ಅನ್ನುವುದು ಪೂರ್ತಿ ಬಿಡಿಸಿದ ಲೆಕ್ಕವಲ್ಲ. ಇನ್ನೇನು ಉಳಿದಿದೆ ಅಂತ ಕೇಳಿದರಲ್ಲ, ಇದು ಉಳಿದಿದೆ.

ದಿನವೂ ಏನು ಮಾಡುತ್ತೇವೆ? ಸರಿಯಾಗಿ ಹೇಳಬೇಕೆಂದರೆ, ಕಾಯುತ್ತೇವೆ. ಇಲಿಯ ತಲೆಬುರುಡೆಯ ಎಲುಬಿನಿಂದ ಬಂದ ಎಂಸಿ3ಟಿ3 ಅನ್ನುವ ಸೆಲ್ ಲೈನ್ (ಲ್ಯಾಬಿನಲ್ಲೇ ಮತ್ತೆ ಮತ್ತೆ ಬೆಳೆಸಿಕೊಂಡು ಬರುವ ಕೋಶಗಳ ತಳಿ) ಇದೆ, ಎಲ್ಲರೂ ಅದರಲ್ಲೇ ಕೈ ಪಳಗಿಸುವುದು. ಪ್ಲಾಸ್ಟಿಕ್ ತಟ್ಟೆಯಲ್ಲಿ ಬಿತ್ತಿ, ವಿಟಮಿನ್ ಸಿ ಮತ್ತು ಒಂದು ಫಾಸ್ಫೇಟ್ ಉಪ್ಪು ಹಾಕಿ, ಎರಡು ಮೂರು ದಿನಕ್ಕೊಮ್ಮೆ ಮೀಡಿಯಂ (ಕೋಶಗಳಿಗೆ ಆಹಾರವಾಗುವ ದ್ರವ) ಬದಲಿಸುತ್ತಾ ಮೂರು ವಾರ ಸಾಕಬೇಕು. 21ನೇ ದಿನ ಅಲಿಜರಿನ್ ರೆಡ್ ಹಾಕಿದರೆ ಕ್ಯಾಲ್ಸಿಯಂ ಕಟ್ಟಿದ ಜಾಗವೆಲ್ಲ ಕೆಂಪು. ಅಲಿಜರಿನ್ ಮೂಲದಲ್ಲಿ ಮ್ಯಾಡರ್ ಅನ್ನುವ ಗಿಡದ ಬೇರಿನ ಬಣ್ಣ, ನಮ್ಮ ಮಂಜಿಷ್ಠದ ಜಾತಿಯದೇ. ಆ ಬೇರು ತಿಂದ ಹಂದಿಗಳ ಎಲುಬು ಕೆಂಪಾಗಿರುವುದನ್ನು ಲಂಡನ್ನಿನ ಒಬ್ಬ ಸರ್ಜನ್ 1736ರಲ್ಲೇ ಬರೆದಿದ್ದ. ಬೆಳೆಯುವ ಎಲುಬಿಗೆ ಮಾತ್ರ ಬಣ್ಣ ಹಿಡಿಯುತ್ತದೆ ಅಂತ ಆಮೇಲೆ ಗೊತ್ತಾಯಿತು, ಎಲುಬು ಸುಮ್ನೆ ಬಿದ್ದಿರುವ ವಸ್ತು ಅಲ್ಲ ಎನ್ನುವುದಕ್ಕೆ ಹಳೆಯ ಸಾಕ್ಷಿ ಅದು.

ಆಸ್ಟಿಯೋಕ್ಲಾಸ್ಟ್ ಇನ್ನೂ ಹಠಮಾರಿ. ಇಲಿಯ ಮಜ್ಜೆ ತೆಗೆದು ರ‍್ಯಾಂಕ್-ಎಲ್ ಹಾಕಿ ಇಟ್ಟರೆ ನಾಲ್ಕನೇ ದಿನ ಏನೂ ಇರುವುದಿಲ್ಲ, ಐದನೇ ದಿನ ಅಲ್ಲೊಂದು ಇಲ್ಲೊಂದು, ಆರನೇ ದಿನ ತಟ್ಟೆ ತುಂಬ ಚಪಾತಿ ಹರಡಿದ ಹಾಗೆ ದೊಡ್ಡ ದೊಡ್ಡ ಕೋಶಗಳು, ಏಳನೇ ದಿನ ನೋಡಿದರೆ ಎಲ್ಲ ಸತ್ತು ಹರಿದುಹೋಗಿರುತ್ತವೆ. ಆ ಆರನೇ ದಿನ ನೀನು ಲ್ಯಾಬಿನಲ್ಲಿರಬೇಕು. ಭಾನುವಾರವಿರಲಿ, ಯುಗಾದಿ ಇರಲಿ, ಅಕ್ಕನ ಮಗನ ಜವಳ ಇರಲಿ. ನಮ್ಮವ್ವ ಬೇವು-ಬೆಲ್ಲಕ್ಕೆ ಕಾದು ಕಾದು ಸಾಕಾಗಿ, "ಆ ಎಲುಬಿನ ಹುಳಕ್ಕೆ ರಜಾ ಇಲ್ಲೇನೋ" ಅಂತ ಕೇಳುತ್ತಿದ್ದಳು.

ಪ್ರಾಣಿಗಳ ವಿಷಯ ಮುಂಚೆಯೇ ಹೇಳಿಬಿಡಬೇಕು. ಇಲಿ ಕೊಲ್ಲಬೇಕಾಗುತ್ತದೆ. ನೈತಿಕ ಸಮಿತಿಯ ಒಪ್ಪಿಗೆ, ಎಷ್ಟು ಇಲಿ, ಯಾಕೆ, ಹೇಗೆ ಅನ್ನುವ ಲೆಕ್ಕ ಎಲ್ಲ ಇರುತ್ತದೆ, ಆದರೂ ಕೈ ನಿನ್ನದೇ. ಆಗುವುದಿಲ್ಲ ಅನ್ನುವವರು ಸೆಲ್ ಲೈನ್ ಮೇಲೆ, ಇಲ್ಲವೇ ಸೊಂಟದ ಕೀಲು ಬದಲಿಸುವ ಆಪರೇಷನ್ನಿನಲ್ಲಿ ತೆಗೆದುಹಾಕುವ ತೊಡೆಯೆಲುಬಿನ ತಲೆಯಿಂದ ಮನುಷ್ಯರ ಕೋಶ ಬೆಳೆಸಿ ಕೆಲಸ ಮಾಡಬಹುದು. ಫ್ಲೋರೈಡ್ ಕೆಲಸಕ್ಕೆ ಈ ಎರಡನೆಯದು ಒಳ್ಳೆಯ ದಾರಿ ಅಂತ ನನಗೆ ಅನಿಸುತ್ತದೆ. ಆಪರೇಷನ್ ನಮ್ಮ ಕಡೆಯೂ ನಡೆಯುತ್ತವೆ, ರೋಗಿಯ ಒಪ್ಪಿಗೆ ಮತ್ತು ಸಮಿತಿಯ ಅನುಮತಿ ಇದ್ದರೆ ಕಸಕ್ಕೆ ಹೋಗುವ ಎಲುಬು ನಿನ್ನ ತಟ್ಟೆಗೆ ಬರುತ್ತದೆ. ಬೇರೆ ಊರಿನ ದೊಡ್ಡ ಲ್ಯಾಬಿನವರಿಗೆ ಸಿಗದ ಎಲುಬು ಅದು.

ಸೋಲಿನ ಕಥೆಯೂ ಒಂದು ಇರಲಿ. ನನ್ನ ಮೂರನೇ ವರ್ಷ ಕೋಶಗಳು ವಿಚಿತ್ರವಾಗಿ ವರ್ತಿಸತೊಡಗಿದವು. ಒಂದು ವಾರ ಬಂದ ಉತ್ತರ ಇನ್ನೊಂದು ವಾರ ಬರುತ್ತಿರಲಿಲ್ಲ. ಮೀಡಿಯಂಗೆ ಬೆರೆಸುವ, ರಕ್ತದಿಂದ ತೆಗೆದ ಸೀರಂ ಬದಲಿಸಿದೆ, ಯಾಕೆಂದರೆ ಹಸುವಿನ ಸೀರಂನ ಒಂದೊಂದು ಬ್ಯಾಚ್ ಒಂದೊಂದು ರೀತಿ, ಅದು ಸಾಮಾನ್ಯ ತೊಂದರೆ. ಸರಿಹೋಗಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಊರಿಗೆ ಹೋಗಿ ಹದಿನೈದು ದಿನ ಕೂತೆ. ಕೊನೆಗೆ ನೋಡಿದರೆ ಲ್ಯಾಬಿನ ಎಲ್ಲರ ಕೋಶಗಳಲ್ಲೂ ಮೈಕೋಪ್ಲಾಸ್ಮಾ. ಅದು ಬಲು ಸಣ್ಣ ಬ್ಯಾಕ್ಟೀರಿಯಾ, ಮೀಡಿಯಂ ಕದಡುವುದಿಲ್ಲ, ಸಾಮಾನ್ಯ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಕೋಶಭಿತ್ತಿಯೇ ಇಲ್ಲದ್ದರಿಂದ ಪೆನಿಸಿಲಿನ್ ನಾಟುವುದಿಲ್ಲ. ಯಾರೋ ಪರೀಕ್ಷೆ ಮಾಡದೆ ತಂದ ಒಂದು ಸಣ್ಣ ಶೀಷೆಯಿಂದ ಬಂದದ್ದು. ಎಂಟು ತಿಂಗಳ ಕೆಲಸ ಎಸೆದೆ. ಯಾವ ಲ್ಯಾಬಿಗೆ ಸೇರಿದರೂ ಮೊದಲ ವಾರ ಕೇಳು: ಇಲ್ಲಿ ಮೈಕೋಪ್ಲಾಸ್ಮಾ ಪರೀಕ್ಷೆ ಎಷ್ಟು ದಿನಕ್ಕೊಮ್ಮೆ ಮಾಡುತ್ತೀರಿ? ಮುಖ ಮುಖ ನೋಡಿಕೊಂಡರೆ ಬೇರೆ ಲ್ಯಾಬ್ ಹುಡುಕು. ಗೈಡ್ ಎಷ್ಟು ಪ್ರಸಿದ್ಧರು ಅನ್ನುವುದಕ್ಕಿಂತ ಇದು ಮುಖ್ಯ, ನಾನು ತಮಾಷೆ ಮಾಡುತ್ತಿಲ್ಲ.

ಡಾಕ್ಟರ್ ಓದಿರಬೇಕಾ? ಬೇಕಿಲ್ಲ. ಖನಿಜ ತೆಗೆದ ಸತ್ತ ಎಲುಬನ್ನು ಪ್ರಾಣಿಯ ಸ್ನಾಯುವಿನೊಳಗೆ ಇಟ್ಟರೆ ಅಲ್ಲಿ ಹೊಸ ಎಲುಬು ಹುಟ್ಟುತ್ತದೆ ಅಂತ 1965ರಲ್ಲಿ ತೋರಿಸಿದ ಮಾರ್ಷಲ್ ಯುರಿಸ್ಟ್ ಎಲುಬಿನ ಸರ್ಜನ್. ಅದನ್ನು ಮುಂದಕ್ಕೆ ಒಯ್ದವರಲ್ಲಿ ದೊಡ್ಡ ಹೆಸರು ಎ. ಹರಿ ರೆಡ್ಡಿ, ನಮ್ಮ ದೇಶದಲ್ಲೇ ಓದಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಪಿಎಚ್.ಡಿ. ಮಾಡಿ ಅಮೆರಿಕಕ್ಕೆ ಹೋದವರು, ನಿನ್ನ ಹಾಗೆ ಜೀವಶಾಸ್ತ್ರದವರು. ಇನ್ನು ಹರ್ಬರ್ಟ್ ಫ್ಲೈಷ್ ಕಥೆ ನಮ್ಮ ಊರಿನವರಿಗೆ ಬೇಗ ತಿಳಿಯುತ್ತದೆ. ನೀರು ಕಾಯಿಸುವ ಹಂಡೆಯಲ್ಲಿ ಬಿಳಿ ಸುಣ್ಣದ ಪದರ ಕಟ್ಟುತ್ತದಲ್ಲ, ಅದನ್ನು ತಡೆಯಲು ಕಾರ್ಖಾನೆಗಳವರು ಪಾಲಿಫಾಸ್ಫೇಟ್ ಬಳಸುತ್ತಿದ್ದರು. ಸ್ವಿಟ್ಜರ್ಲೆಂಡಿನ ಫ್ಲೈಷ್ 1960ರ ದಶಕದಲ್ಲಿ ಅದೇ ಬಗೆಯ ಪೈರೋಫಾಸ್ಫೇಟ್ ನಮ್ಮ ಮೈಯಲ್ಲೂ ಇದ್ದು ಸುಣ್ಣಗಟ್ಟುವುದನ್ನು ತಡೆಯುತ್ತದೆ ಅಂತ ಕಂಡರು. ಮೈಯಲ್ಲಿ ಬೇಗ ಒಡೆಯದ ಅದರ ಸೋದರ ಅಣುಗಳನ್ನು ಹುಡುಕಿದಾಗ ಅವು ಎಲುಬು ಅಗೆಯುವುದನ್ನೇ ನಿಲ್ಲಿಸಿದವು. ಇವತ್ತು ಎಲುಬು ಸವೆದವರಿಗೆ ವಾರಕ್ಕೊಂದು ಅಂತ ಡಾಕ್ಟರು ಬರೆಯುವ ಅಲೆಂಡ್ರೊನೇಟ್ ಮಾತ್ರೆ ಅದೇ ವಂಶದ್ದು.

ಹಣದ ಮಾತು ಬೇಗ ಮುಗಿಸುತ್ತೇನೆ. ಸಿಎಸ್‌ಐಆರ್-ಯುಜಿಸಿ ನೆಟ್‌ನಲ್ಲಿ ಜೆಆರ್‌ಎಫ್ (ಸಂಶೋಧನೆಗೆ ಸರ್ಕಾರ ಕೊಡುವ ಫೆಲೋಶಿಪ್) ಬಂದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಎರಡು ವರ್ಷದ ಮೇಲೆ 42,000, ಹಾಸ್ಟೆಲ್ ಸಿಗದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ (ಡಿಬಿಟಿ), ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಇವುಗಳ ಪರೀಕ್ಷೆಗಳೂ ಇವೆ. ಜೆಆರ್‌ಎಫ್ ಇಲ್ಲದೆ ಪಿಎಚ್.ಡಿ.ಗೆ ಸೇರಬೇಡ, ಇದೊಂದರಲ್ಲಿ ನಾನು ನಿಮ್ಮಪ್ಪನ ಕಡೆ. ದುಡ್ಡು ತಡವಾಗಿ ಬರುವುದೂ ಉಂಟು, ಎರಡು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡಿರು. ಪಿಎಚ್.ಡಿ. ಐದಾರು ವರ್ಷ, ಆಮೇಲೆ ಪೋಸ್ಟ್‌ಡಾಕ್ (ಪಿಎಚ್.ಡಿ. ಆದಮೇಲಿನ ತಾತ್ಕಾಲಿಕ ಸಂಶೋಧನಾ ಕೆಲಸ) ಮೂರ್ನಾಲ್ಕು ವರ್ಷ. ಕಾಯಂ ಕೆಲಸದ ಹೊತ್ತಿಗೆ ವಯಸ್ಸು ಮೂವತ್ತೈದರ ಹತ್ತಿರ. ಎಲ್ಲರಿಗೂ ಸಿಗುವುದಿಲ್ಲ. ಸಿಗದವರು ಬೀದಿಗೂ ಬೀಳುವುದಿಲ್ಲ, ಕೋಶ ಸಾಕುವ ಕೈಗೆ ಬೆಂಗಳೂರು, ಹೈದರಾಬಾದಿನ ಔಷಧ ಕಂಪನಿಗಳಲ್ಲಿ ಕೆಲಸ ಇದೆ. ಎಲುಬಿನ ಕೋಶದ ಕೆಲಸಕ್ಕೆ ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆ ಮತ್ತು ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರದಿಂದ ಬಂದ ಪ್ರಬಂಧಗಳನ್ನು ಮೊದಲು ಓದು. ಒಮ್ಮೆಲೇ ಪಿಎಚ್.ಡಿ.ಗೆ ಹಾರುವ ಬದಲು ಇಂಥ ಕಡೆ ಒಂದು ವರ್ಷ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ನೋಡು. ಆರನೇ ದಿನದ ಯುಗಾದಿ ನಿನಗೆ ಒಗ್ಗುತ್ತದೋ ಇಲ್ಲವೋ ಅಷ್ಟರಲ್ಲೇ ತಿಳಿಯುತ್ತದೆ, ಅಪ್ಪನಿಗೂ ಸಂಬಳ ಕಾಣುತ್ತದೆ.

ನೀನು ಕೇಳದೆ ಬಿಟ್ಟ ಪ್ರಶ್ನೆಯೊಂದಿದೆ, ನಿನ್ನ ಸಂಶೋಧನೆ ಅಜ್ಜಿಗೆ ಉಪಯೋಗ ಆಗುತ್ತದಾ ಅಂತ. ಆಗುವುದಿಲ್ಲ. ಸುಣ್ಣಗಟ್ಟಿದ ಬೆನ್ನನ್ನು ಮೊದಲಿನ ಹಾಗೆ ಮಾಡುವ ಔಷಧ ಇವತ್ತಿಗೆ ಇಲ್ಲ, ನಿನ್ನ ಪಿಎಚ್.ಡಿ. ಮುಗಿಯುವಷ್ಟರಲ್ಲಿ ಬರುವುದೂ ಇಲ್ಲ. ಆದರೆ ಮನೆಯಲ್ಲಿ ನಿನ್ನ ತಮ್ಮನೋ, ಅಣ್ಣನ ಮಕ್ಕಳೋ ಅದೇ ಬೋರಿನ ನೀರು ಕುಡಿಯುತ್ತಿದ್ದರೆ ಅದಕ್ಕೆ ಈ ವಾರವೇ ಮಾಡುವ ಕೆಲಸ ಇದೆ. ಕುಡಿಯಲು, ಅಡುಗೆಗೆ ಎರಡಕ್ಕೂ ನೀರು ಬದಲಿಸಿ, ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಮಕ್ಕಳ ತಟ್ಟೆಯಲ್ಲಿ ಹಾಲು, ಮಜ್ಜಿಗೆ, ರಾಗಿ ಜಾಸ್ತಿ ಇರಲಿ. ಮಕ್ಕಳ ಮುಂದಿನ ಹಲ್ಲು ನೋಡು, ಸುಣ್ಣದಂಥ ಬಿಳಿ ಮಚ್ಚೆ ಅಥವಾ ಕಂದು ಪಟ್ಟಿ ಇದೆಯಾ ಅಂತ. ಬೋರ್ ನೀರನ್ನು ಜಿಲ್ಲೆಯ ಕುಡಿಯುವ ನೀರಿನ ಪ್ರಯೋಗಾಲಯಕ್ಕೆ ಕೊಟ್ಟು ಫ್ಲೋರೈಡ್ ಎಷ್ಟಿದೆ ಅಂತ ಬರೆಸಿಕೊಂಡು ಬಾ. ನೀರನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಒಯ್ಯಿ. ಗಾಜಿನದು ಬೇಡ, ಫ್ಲೋರೈಡ್ ಗಾಜಿಗೇ ಅಂಟಿಕೊಂಡು ಲೆಕ್ಕ ತಪ್ಪುತ್ತದೆ.